ಹಳಗನ್ನಡದ ಪಾಠವೂ ಕೃತಕ ಬುದ್ಧಿಮತ್ತೆಯೂ

ಕ್ರಿ. ಶ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಸಂಭಾಷಣಾಯಂತ್ರವು ಸಾರ್ವಜನಿಕರ ಬಳಕೆಗೆ ಬಂದಂದಿನಿಂದ, ವಿದ್ಯಾಭ್ಯಾಸದಲ್ಲಿ ಕೃತಕ ಬುದ್ಧಿಮತ್ತೆಗೆ ಎಷ್ಟು ಎಡೆಗೊಡಬಹುದೆಂಬ ವಿಚಾರವಾಗಿ ನಡೆದಿರುವ ವಾದಗಳು ಒಂದೆರಡಲ್ಲ. ಅವುಗಳಲ್ಲಿ ಬಹುಭಾಗವು ಗಣಿತ, ವಿಜ್ಞಾನ, ಇಂಗ್ಲಿಷ್ ಪ್ರಬಂಧರಚನೆ ಇವುಗಳನ್ನು ಕುರಿತುವು. ಪ್ರಾಚೀನ ಕಾವ್ಯವನ್ನು ಓದತಕ್ಕ ವಿದ್ಯಾರ್ಥಿಗೆ ಇದರಿಂದ ಒದಗುವ ಲಾಭನಷ್ಟಗಳ ವಿವೇಚನೆಯು ಅಷ್ಟಾಗಿ ನಡೆದಂತೆ ತೋರುವುದಿಲ್ಲ. ಆದರೆ ಈ ಯಂತ್ರದಿಂದ ವಿದ್ಯಾರ್ಥಿಯ ವಿಚಾರಶಕ್ತಿಗೆ ಆಗುವ ಹಾನಿಯ ನೆಲೆಯು ಯಾವುದೆಂಬುದು, ಹಳಗನ್ನಡದ ಒಂದು ಕಂದಪದ್ಯವನ್ನು ಬಿಡಿಸುವ ಕೆಲಸದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣಲಾರದು.

ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು ಎರಡು. ವಿದ್ಯಾರ್ಥಿಗಳು ಯಂತ್ರದ ಉತ್ತರವನ್ನು ನಕಲುಮಾಡುವರೆಂಬುದು ಒಂದು. ಇದು ಹಳೆಯ ರೋಗ. ಯಂತ್ರವು ಹುಟ್ಟುವುದಕ್ಕೆ ಬಹಳ ಹಿಂದೆಯೇ ಅಗ್ಗದ ಗೈಡುಗಳು ಈ ಉಪಕಾರವನ್ನು ಮಾಡುತ್ತಿದ್ದುವು. ಯಂತ್ರವು ಇಲ್ಲದುದನ್ನು ಉಂಟೆಂದು ಹೇಳುವುದೆಂಬುದು ಎರಡನೆಯದು. ಇದೂ ನಿಜವೇ. ಯಂತ್ರವು ಕಲ್ಪಿಸಿಕೊಟ್ಟ ತೀರ್ಪುಗಳನ್ನು ಆಧಾರವಾಗಿ ಒಪ್ಪಿಸಿದ ವಕೀಲರಿಗೆ ನ್ಯೂಯಾರ್ಕಿನ ನ್ಯಾಯಾಲಯವೊಂದು ೨೦೨೩ರ ಜೂನಿನಲ್ಲಿ ೫೦೦೦ ಡಾಲರು ದಂಡ ವಿಧಿಸಿದುದು ಪ್ರಸಿದ್ಧವಾಗಿದೆ. ಮೂಲದಲ್ಲಿಲ್ಲದುದನ್ನು ಬರೆಯುವುದಿಲ್ಲವೆಂದು ಟೀಕೆಯ ಮೊದಲಲ್ಲಿಯೇ ಪ್ರತಿಜ್ಞೆಮಾಡಿದ ಮಲ್ಲಿನಾಥನ ಸಂಪ್ರದಾಯವೆಲ್ಲಿ, ಇದೆಲ್ಲಿ! ಆದರೂ ತಪ್ಪುಗಳ ಮೇಲೆ ಕಟ್ಟಿದ ಆಕ್ಷೇಪವು ತಪ್ಪುಗಳು ಕಡಮೆಯಾದಂತೆಲ್ಲ ಕುಸಿಯತಕ್ಕದ್ದು. ಯಂತ್ರವು ಸರಿಯಾದ ಅರ್ಥವನ್ನೇ ಹೇಳಿತೆಂದಿಟ್ಟುಕೊಂಡರೂ ಉಳಿಯುವ ದೋಷವಾವುದು? ವಿಚಾರಮಾಡಬೇಕಾದುದು ಅದನ್ನು.

ಒಂದು ಶಬ್ದವನ್ನು ತೆಗೆದುಕೊಳ್ಳಬಹುದು. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಜೀವಿಸು. ‘ಬಾಳ್’ ಎಂದರೆ ಕತ್ತಿ. ಮೊದಲನೆಯದರಲ್ಲಿರುವುದು ರಳ, ಎರಡನೆಯದರಲ್ಲಿರುವುದು ಬೇರೊಂದು ಳಕಾರ. ಈ ಭೇದವು ತಮಿಳು ಲಿಪಿಯಲ್ಲಿ ಇಂದಿಗೂ ನಿಂತಿದೆ, ಕನ್ನಡದಲ್ಲಿ ಅಳಿದುಹೋಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ವಿಚಾರಕ್ಕೆ ಅಷ್ಟು ಶ್ರಮಪಟ್ಟಿರುವುದನ್ನು ನೋಡಿದರೆ, ಅವನ ಕಾಲಕ್ಕಾಗಲೇ ಜನರ ಬಾಯಲ್ಲಿ ಇವು ಕಲಸಿಹೋಗುತ್ತಿದ್ದುವೆಂದು ಊಹಿಸಬಹುದಾಗಿದೆ. ಇನ್ನು ಈಚಿನ ಪಠ್ಯಪುಸ್ತಕಗಳಲ್ಲಿ ಓದುವವರ ಸೌಕರ್ಯಕ್ಕಾಗಿ ಎರಡನ್ನೂ ‘ಳ’ ಎಂದೇ ಅಚ್ಚುಮಾಡುವ ಪದ್ಧತಿಯುಂಟು. ಹೀಗಾಗಿ ವೀರರಸದ ಪದ್ಯವೊಂದರಲ್ಲಿ ‘ಬಾಳ್ಗೆ’ ಎಂಬ ರೂಪವನ್ನು ಕಂಡ ವಿದ್ಯಾರ್ಥಿಯು ನಿಲ್ಲಬೇಕಾಗುತ್ತದೆ. ಅದು ‘ಬಾಳಲಿ’ ಎಂಬ ಹರಕೆಯೋ, ‘ಕತ್ತಿಗೆ’ ಎಂಬ ಚತುರ್ಥಿಯೋ? ಬಾೞ್ ಎಂಬುದನ್ನು ನಾಮಪದವಾಗಿ ಹಿಡಿದರೆ ‘ಜೀವಿತಕ್ಕೆ’ ಎಂದಾಗುವ ಸಂಭವವೂ ಇದೆ. ಹರಕೆಯಾದರೆ ಅದೇ ಕ್ರಿಯಾಪದವಾಗಿ ವಾಕ್ಯವು ಅಲ್ಲಿಗೆ ಮುಗಿಯತಕ್ಕದ್ದು. ಚತುರ್ಥಿಯಾದರೆ ಕ್ರಿಯಾಪದವನ್ನು ಮುಂದೆ ಹುಡುಕಬೇಕು. ಶಬ್ದವು ಪಾದದ ಮೊದಲಲ್ಲಿದ್ದರೆ ಪ್ರಾಸವೂ ಸಾಕ್ಷಿಯಾಗಬಹುದು: ಉಳಿದ ಪಾದಗಳ ಎರಡನೆಯ ಅಕ್ಷರದಲ್ಲಿ ನಿಸ್ಸಂದೇಹವಾದ ರಳವು ಬಂದಿದ್ದರೆ, ಕಟ್ಟುನಿಟ್ಟಾದ ಪ್ರಾಚೀನ ಕವಿಯು ಇಲ್ಲಿ ಕತ್ತಿಯನ್ನು ತಂದಿರಲಾರನು. ಮಾತನಾಡುವವರು ಯಾರು, ಎದುರಿಗಿರುವವರು ಯಾರು ಎಂಬುದನ್ನು ನೋಡಲು ಹಿಂದಿನ ಪದ್ಯಕ್ಕೂ ಹೋಗಬೇಕಾಗುತ್ತದೆ. ಈ ಒಂದು ಶಬ್ದದ ಸಂದೇಹವನ್ನು ಪರಿಹರಿಸಿಕೊಳ್ಳುವಷ್ಟರಲ್ಲಿ ವಿದ್ಯಾರ್ಥಿಯು ವ್ಯಾಕರಣ, ಛಂದಸ್ಸು, ಕಥಾಸಂದರ್ಭ ಮೂರನ್ನೂ ಮುಟ್ಟಿ ಬಂದಿರುತ್ತಾನೆ. ಕೆಲವು ವೇಳೆ, ಕವಿಯು ಎರಡು ಅರ್ಥಗಳನ್ನೂ ಬೇಕೆಂದೇ ಹತ್ತಿರ ತಂದಿರಬಹುದೇ ಎಂಬ ಪ್ರಶ್ನೆಯೂ ಅವನಿಗೆ ಹುಟ್ಟಬಹುದು. ಕಾವ್ಯವಿಮರ್ಶೆಯು ಆರಂಭವಾಗುವುದು ಅಂಥ ಪ್ರಶ್ನೆಯಿಂದ.

ನಿಘಂಟುವೂ ಒಂದು ಸಾಧನವೇ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವಾಗಲಿ, ಎಂಟು ಸಂಪುಟಗಳ ಪರಿಷತ್ತಿನ ನಿಘಂಟುವಾಗಲಿ ವಿದ್ಯಾರ್ಥಿಯ ಶ್ರಮವನ್ನು ಕಡಮೆಮಾಡುವುದಕ್ಕಾಗಿಯೇ ಹುಟ್ಟಿದುವು. ಆದರೆ ನಿಘಂಟು ಅರ್ಥಗಳನ್ನು ಒಂದರ ಕೆಳಗೊಂದಾಗಿ ಮುಂದಿಟ್ಟು ತಾನು ಹಿಂದೆ ಸರಿಯುತ್ತದೆ. ಆರಿಸಿಕೊಳ್ಳುವ ಹೊಣೆಯು ಓದುವವನದು. ಒಳ್ಳೆಯ ಟೀಕಾಕಾರನು ತಾನೇ ಆರಿಸಿದರೂ ಪಾಠಾಂತರವನ್ನು ಸೂಚಿಸಿ, ಪಕ್ಷಾಂತರವನ್ನು ಹೇಳಿ, ಇಲ್ಲೊಂದು ಕವಲುದಾರಿಯಿತ್ತೆಂಬುದನ್ನು ಗುರುತುಮಾಡಿಹೋಗುತ್ತಾನೆ. ಯಂತ್ರದ ಕೈಗೆ ಪದ್ಯವನ್ನು ಕೊಟ್ಟು ಅರ್ಥವನ್ನು ಕೇಳಿದರೆ ದೊರೆಯುವುದು ನಯವಾದ ಒಂದು ತಾತ್ಪರ್ಯ. ಕೇಳಬಲ್ಲವನು ಕೇಳಿದರೆ ಅದು ಬೇರೆ ಅರ್ಥಗಳನ್ನೂ ಹೇಳೀತು; ಆದರೆ ಹಾಗೆ ಕೇಳಬೇಕೆಂದು ಹೊಳೆಯುವುದು, ಕವಲಿರುವುದನ್ನು ಮೊದಲೇ ಕಂಡವನಿಗೆ. ಉಳಿದವರಿಗೆ ಆಯ್ಕೆಯು ನಡೆದುದೇ ತಿಳಿಯುವುದಿಲ್ಲ. ತಪ್ಪು ಅರ್ಥವನ್ನು ಮುಂದೆ ಗುರುವು ತಿದ್ದಬಹುದು. ಸಂದೇಹವೇ ಹುಟ್ಟದೆಹೋದ ಮನಸ್ಸನ್ನು ತಿದ್ದುವುದು ಕಷ್ಟ.

ಯಂತ್ರದ ರಚನೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಅಪಾರವಾದ ಬರವಣಿಗೆಯನ್ನು ಅರಗಿಸಿಕೊಂಡು, ಹಿಂದಿನ ಮಾತುಗಳನ್ನನುಸರಿಸಿ ಮುಂದೆ ಬರಬಹುದಾದ ಪದಖಂಡವನ್ನು ಸಂಭಾವ್ಯತೆಯ ಲೆಕ್ಕದಿಂದ ಕಂಡುಹಿಡಿಯುತ್ತ ಹೋಗುವುದು ಅದರ ಕ್ರಮ. ಆದುದರಿಂದ ಎಲ್ಲರೂ ಹೇಳಬಹುದಾದುದರ ಕಡೆಗೆ ಅದರ ಒಲವು. ಕವಿಯ ಗುಣವಾದರೋ ಅನೇಕವೇಳೆ ಯಾರೂ ನಿರೀಕ್ಷಿಸದ ಪದವನ್ನಿಡುವುದರಲ್ಲಿದೆ.

ಈ ಅಭಿಪ್ರಾಯವು ಬರಿಯ ಊಹೆಯಲ್ಲವೆಂಬುದಕ್ಕೆ ಬೇರೊಂದು ಕ್ಷೇತ್ರದ ಪರೀಕ್ಷೆಯು ಸಾಕ್ಷಿಯಾಗುತ್ತದೆ. ತುರ್ಕಿ ದೇಶದ ಪ್ರೌಢಶಾಲೆಯೊಂದರ ಸುಮಾರು ೧೦೦೦ ಮಂದಿ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ನಡೆಸಿದ ಈ ಪರೀಕ್ಷೆಯ ವಿವರಗಳು ೨೦೨೫ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದುವು. ಯಂತ್ರವನ್ನು ಯಥೇಚ್ಛವಾಗಿ ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಉಳಿದವರಿಗಿಂತ ಶೇಕಡಾ ೪೮ರಷ್ಟು ಮುಂದಿದ್ದರು. ಯಂತ್ರವನ್ನು ತೆಗೆದು ಪರೀಕ್ಷೆಗೆ ಕೂರಿಸಿದಾಗ, ಅದನ್ನು ಎಂದೂ ಮುಟ್ಟದವರಿಗಿಂತ ಶೇಕಡಾ ೧೭ರಷ್ಟು ಹಿಂದೆಬಿದ್ದರು. ಉತ್ತರವನ್ನು ಹೇಳದೆ ಸುಳಿವನ್ನು ಮಾತ್ರ ಕೊಡುವಂತೆ ಅಳವಡಿಸಿದ ಯಂತ್ರವನ್ನು ಬಳಸಿದವರಲ್ಲಿ ಈ ಹಾನಿಯು ಬಹುಮಟ್ಟಿಗೆ ಕಾಣಲಿಲ್ಲವೆಂಬುದನ್ನೂ ಮರೆಯಬಾರದು. ಗಣಿತದ ಫಲಿತಾಂಶವನ್ನು ಕಾವ್ಯಕ್ಕೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೆ ಹಿಂದೆಬಿದ್ದವರಿಗೆ ತಾವು ಕಡಮೆ ಕಲಿತೆವೆಂಬ ಅರಿವೇ ಇರಲಿಲ್ಲವೆಂಬ ಅಂಶವು, ‘ಬಾಳ್ಗೆ’ ಎಂಬಲ್ಲಿ ನಿಲ್ಲದೆಹೋದ ವಿದ್ಯಾರ್ಥಿಯ ಸ್ಥಿತಿಗೆ ಬಹಳ ಹತ್ತಿರವಾದುದು.

ಬರವಣಿಗೆಯ ವಿಷಯದಲ್ಲಿಯೂ ಇಂಥದೇ ಸಂಗತಿಯೊಂದುಂಟು. ಯಂತ್ರದಿಂದ ಕಲ್ಪನೆಗಳನ್ನು ಪಡೆದು ಬರೆದ ಕಿರುಗತೆಗಳು ಒಂದೊಂದಾಗಿ ನೋಡಿದರೆ ಮೇಲಾಗಿಯೂ, ಒಟ್ಟಿಗೆ ನೋಡಿದರೆ ಒಂದನ್ನೊಂದು ಹೆಚ್ಚು ಹೋಲುವುವಾಗಿಯೂ ಇದ್ದುವೆಂದು ೨೦೨೪ರ ಪ್ರಯೋಗವೊಂದರಲ್ಲಿ ಕಂಡುಬಂದಿತು. ಇಲ್ಲಿ ಅಧ್ಯಾಪಕವರ್ಗವು ತನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳುವುದು ನ್ಯಾಯ. ‘ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆಗೆ, ಎಲ್ಲ ಪದ್ಯಕ್ಕೂ ಹೊಂದುವ ಒಂದೇ ಬಗೆಯ ಸ್ವಾರಸ್ಯವನ್ನು ಬರೆದು ಅಂಕಗಳನ್ನು ಪಡೆಯುವ ಪದ್ಧತಿಯು ಯಂತ್ರವು ಬರುವ ಮುಂಚೆಯೇ ಬೇರೂರಿದ್ದಿತು. ಯಂತ್ರವು ಅದನ್ನು ಹೆಚ್ಚು ಶುದ್ಧವಾದ ಕಾಗುಣಿತದಲ್ಲಿ ಬರೆದುಕೊಡುತ್ತದೆ, ಅಷ್ಟೆ.

ಹೊಸ ಸಾಧನವು ಬಂದಾಗಲೆಲ್ಲ ಹಿರಿಯರು ಹೀಗೆ ಗೊಣಗುವುದು ವಾಡಿಕೆಯೆಂದೂ, ಬರವಣಿಗೆಯೇ ನೆನಪನ್ನು ಕೆಡಿಸುವುದೆಂದು ಹೇಳುವ ಕಥೆಯು ಪ್ಲೇಟೋವಿನ ಫೀಡ್ರಸ್ ಸಂವಾದದಲ್ಲಿದೆಯೆಂದೂ ಯಂತ್ರದ ಪಕ್ಷದವರು ಹೇಳುವುದುಂಟು. ಆದರೆ ಆ ಸಂವಾದದ ಆಕ್ಷೇಪವು ನೆನಪಿಗೆ ಮಾತ್ರ ಸಂಬಂಧಪಟ್ಟುದಲ್ಲ. ಬಲ್ಲವನಾಗದೆ ಬಲ್ಲವನಂತೆ ತೋರುವುದರ ವಿಚಾರವೂ ಅಲ್ಲಿದೆ. ಲಿಪಿಯಿಂದ ನೆನಪಿನ ಹೊರೆಯು ಇಳಿಯಿತು. ಬರೆದುದನ್ನು ಅರ್ಥಮಾಡಿಕೊಳ್ಳುವ ಹೊರೆಯು ಓದುವವನ ಮೇಲೆಯೇ ಉಳಿದಿತ್ತು.

ಇನ್ನು ಪರಿಹಾರ. ಯಂತ್ರದ ಬರವಣಿಗೆಯನ್ನು ಯಂತ್ರದಿಂದಲೇ ಪತ್ತೆಹಚ್ಚುವ ಉಪಾಯವು ನಂಬತಕ್ಕದ್ದಲ್ಲ. ಚಾಟ್‌ಜಿಪಿಟಿಯನ್ನು ಮಾಡಿದ ಸಂಸ್ಥೆಯೇ ಹೊರಡಿಸಿದ್ದ ಅಂಥ ಸಾಧನವನ್ನು, ನಿಖರತೆ ಸಾಲದೆಂದು ೨೦೨೩ರ ಜುಲೈಯಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷ ನಡೆದ ಪರಿಶೀಲನೆಯೊಂದರಲ್ಲಿ, ಇಂಗ್ಲಿಷು ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ೯೧ ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಒಪ್ಪಿಸಲಾಗಿ, ಸರಾಸರಿ ಶೇಕಡಾ ೬೧ರಷ್ಟು ಯಂತ್ರದವೆಂಬ ಸುಳ್ಳು ಅಪವಾದಕ್ಕೆ ಗುರಿಯಾದುವು. ಪರಭಾಷೆಯಲ್ಲಿ ಎಚ್ಚರದಿಂದ ಬರೆಯುವ ಬಡ ವಿದ್ಯಾರ್ಥಿಯನ್ನು ಕಳ್ಳನೆನ್ನುವುದಕ್ಕಿಂತ ಸುಮ್ಮನಿರುವುದು ಲೇಸು.

ಹಳಗನ್ನಡದ ಮಟ್ಟಿಗೆ ಪರೀಕ್ಷೆಯ ಉಪಾಯವೊಂದು ಹಿಂದಿನಿಂದಲೂ ಕೈಯಲ್ಲಿಯೇ ಇದೆ: ಪದ್ಯವನ್ನು ಗಟ್ಟಿಯಾಗಿ ಓದಿಸುವುದು. ಎಲ್ಲಿ ಪದವನ್ನು ಬಿಡಿಸಿದನು, ಎಲ್ಲಿ ಉಸಿರನ್ನು ನಿಲ್ಲಿಸಿದನು, ಯಾವ ಪದವನ್ನು ಮುಂದಿನ ಪಾದಕ್ಕೆ ಕೂಡಿಸಿಕೊಂಡನು ಎಂಬುದರಿಂದ, ಓದಿದವನಿಗೆ ಅನ್ವಯವು ತಿಳಿದಿದೆಯೇ ಇಲ್ಲವೇ ಎಂಬುದು ಪಳಗಿದ ಅಧ್ಯಾಪಕರಿಗೆ ಕೂಡಲೇ ಗೊತ್ತಾಗುತ್ತದೆ. ಗಮಕಿಗಳು ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿರುವರು. ಕಾಲೇಜುಗಳು ಅದನ್ನು ಸಭೆಯ ಅಲಂಕಾರಕ್ಕೆ ಬಿಟ್ಟುಕೊಟ್ಟುವು. ಓದಿಸಿದ ಮೇಲೆ ‘ಇದರ ಅರ್ಥವೇನು?’ ಎಂದು ಕೇಳುವುದಕ್ಕೆ ಬದಲಾಗಿ, ‘ಇಲ್ಲಿ ಕತ್ತಿಯೆಂದು ಏಕಾಗಬಾರದು?’ ಎಂದು ಕೇಳಬೇಕು. ಮನೆಯಲ್ಲಿ ಯಂತ್ರದ ನೆರವನ್ನು ಪಡೆದು ಬಂದವನೂ ಈ ಪ್ರಶ್ನೆಗೆ ಪ್ರಾಸವನ್ನೋ ಸಂದರ್ಭವನ್ನೋ ತೋರಿಸಿ ಉತ್ತರ ಹೇಳಿದರೆ, ಅವನು ಓದಿಯೇ ಬಂದವನು. ಅರುವತ್ತು ಮಂದಿಯ ತರಗತಿಯಲ್ಲಿ ಇದಕ್ಕೆ ಹೊತ್ತೆಲ್ಲಿಯದೆಂಬ ಆಕ್ಷೇಪವು ನ್ಯಾಯವಾದುದೇ. ಪಠ್ಯದಲ್ಲಿರುವ ಪದ್ಯಗಳ ಸಂಖ್ಯೆಯನ್ನು ಅರ್ಧಕ್ಕಿಳಿಸದೆ ಈ ಕ್ರಮವು ನಡೆಯಲಾರದು. ಆ ಕತ್ತರಿಯನ್ನು ಹಿಡಿಯಬೇಕಾದವರು ಪಠ್ಯಸಮಿತಿಯವರು.