ಪೆತ್ತಕಲ್ ಬಂಗಲೆಯ ಪ್ರದರ್ಶನ: ಒಂದು ವಿಮರ್ಶೆ

ನೀಲಗಿರಿಯ ಕೋತಗಿರಿಗೆ ಸಮೀಪದಲ್ಲಿ ಕನ್ನೇರಿಮುಕ್ಕು ಎಂಬ ಬಡಗರ ಊರಿದೆ. ಅಲ್ಲಿರುವ ಪೆತ್ತಕಲ್ ಬಂಗಲೆಯು ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟವನ್ನೇರಿ ಬಂದು ಕಟ್ಟಿಸಿದ ಮನೆ. ಬಹುಕಾಲ ಪಾಳುಬಿದ್ದಿದ್ದ ಇದನ್ನು ಜೀರ್ಣೋದ್ಧಾರಗೊಳಿಸಿ ಸಲಿವನ್ ಸ್ಮಾರಕವನ್ನಾಗಿಯೂ ನೀಲಗಿರಿ ಚರಿತ್ರೆಯ ದಾಖಲೆಗಳ ಕೇಂದ್ರವನ್ನಾಗಿಯೂ ಮಾರ್ಪಡಿಸಿದ್ದಾರೆ. ಹಳೆಯ ಚಿತ್ರಗಳು, ಬರಹಗಳು, ಬೆಟ್ಟದ ಜನರ ಬಳಕೆಯ ವಸ್ತುಗಳು ಇಲ್ಲಿನ ಪ್ರದರ್ಶನದ ಸಾಮಗ್ರಿ.

ಹಳೆಯ ಕಟ್ಟಡವೆಂದರೆ ಕೆಡವಬೇಕು, ಇಲ್ಲವೇ ಉಗ್ರಾಣ ಮಾಡಬೇಕು ಎಂಬ ನಮ್ಮ ಸಾಮಾನ್ಯ ಬುದ್ಧಿಯ ನಡುವೆ ಇಂತಹ ಉದ್ಯಮ ಸ್ತುತ್ಯವೇ ಸರಿ. ಇದೇ ಸಲಿವನ್ 1822ರಲ್ಲಿ ಉದಕಮಂಡಲದಲ್ಲಿ ಕಟ್ಟಲಾರಂಭಿಸಿದ ಕಲ್ಲುಮನೆಯೂ ಇಂದು ಸರಕಾರಿ ಕಲಾ ಕಾಲೇಜಿನ ಆವರಣದಲ್ಲಿ ಉಳಿದುಕೊಂಡಿದೆ.

ಆದರೆ ಸ್ಮಾರಕವಾದ ಮನೆಗೆ ಒಂದು ಸಹಜ ದೋಷವುಂಟು. ನೋಡಲು ಬಂದವರು ಮನೆಯ ವಯಸ್ಸನ್ನೇ ನಾಡಿನ ವಯಸ್ಸೆಂದು ತಿಳಿದುಬಿಡುತ್ತಾರೆ. 1819ರಿಂದ ಕಥೆ ಮೊದಲಾಯಿತೆಂದರೆ ಬೆಟ್ಟವನ್ನು 'ಕಂಡುಹಿಡಿದವನು' ಸಲಿವನ್ ಎಂದಾಗುತ್ತದೆ. ಅವನಿಗಿಂತ ಒಂದು ವರ್ಷ ಮೊದಲೇ, 1818ರಲ್ಲಿ, ಅವನ ಕೈಕೆಳಗಿನ ವಿಷ್ ಮತ್ತು ಕಿಂಡರ್ಸ್ಲಿ ಎಂಬವರು ಹತ್ತಿಹೋಗಿದ್ದರು. 1603ರಲ್ಲಿ ಫೆನಿಸಿಯೊ ಎಂಬ ಜೆಸ್ವಿತ್ ಪಾದ್ರಿ ಮಲಬಾರಿನ ಕಡೆಯಿಂದ ಬಂದು ತೋದರನ್ನೂ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಕಂಡುಹಿಡಿಯಲು ಅಲ್ಲಿ ಏನೂ ಕಾಣೆಯಾಗಿರಲಿಲ್ಲ!

ಅದಕ್ಕೂ ಹಿಂದಿನ ಸಾಕ್ಷ್ಯವು ನಮ್ಮ ಭಾಷೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಚಾಮರಾಜನಗರದ ಶಾಸನವು ನೀಲಗಿರಿಯನ್ನೂ ತೋದರನ್ನೂ ಹೆಸರಿಸುತ್ತದೆ. ಕನ್ನಡಿಗರಾದ ನಾವು ಇದನ್ನು ಹೆಮ್ಮೆಯಿಂದ ಉದ್ಧರಿಸುವುದುಂಟು. ಆದರೆ ಆ ಶಾಸನ ಹೇಳುವುದೇನು? ಪುಣಿಸನು ತೋದರನ್ನು ಬೆದರಿಸಿದನೆಂದು. ಅದೂ ಗೆದ್ದವನ ಮಾತೇ ಹೊರತು ಬೆಟ್ಟದವರ ಮಾತಲ್ಲ. ಬಡಗ ನುಡಿಯ ವಿಷಯದಲ್ಲಿಯೂ ನಮಗೆ ಇಂತಹದೇ ಆತುರವುಂಟು. ಅದು ಕನ್ನಡದ ಉಪಭಾಷೆಯೇ, ಸ್ವತಂತ್ರ ಭಾಷೆಯೇ ಎಂಬುದು ವಿದ್ವಾಂಸರಲ್ಲಿ ವಾದಗ್ರಸ್ತ. ಬಡಗರನ್ನು ಕೇಳದೆ ನಾವು ತೀರ್ಪು ಕೊಡುವುದು ಉಚಿತವಲ್ಲ. ಸಲಿವನ್ನನು ಮೊದಲು ನೆಲೆಸಿದ ದಿಂಹಟ್ಟಿಯ ಹೆಸರಿನಲ್ಲಿರುವ 'ಹಟ್ಟಿ' ಎಂಬ ಶಬ್ದ ಮಾತ್ರ ನಮ್ಮ ಕಿವಿಗೆ ಅಪರಿಚಿತವಲ್ಲವೆಂದಷ್ಟೇ ಹೇಳಬಹುದು.

ಸಲಿವನ್ನನನ್ನು ಪೂರ್ಣವಾಗಿ ತೋರಿಸುವುದು ಕಷ್ಟದ ಕೆಲಸ. ನೆಲದ ಮೇಲೆ ತೋದರಿಗೆ ಪೂರ್ಣ ಒಡೆತನವಿದೆಯೆಂದು ಮದ್ರಾಸು ಸರಕಾರದೊಡನೆ ವಾದಿಸಿದವನು ಅವನು. ಗವರ್ನರ್ ಲಷಿಂಗ್ಟನ್ನನ ವಿರೋಧವನ್ನೂ ಕಟ್ಟಿಕೊಂಡನು. ಅದೇ ತೋದರಿಂದ ಎಕರೆಗೆ ಒಂದು ರೂಪಾಯಿಯಂತೆ ಉದಕಮಂಡಲದಲ್ಲಿ ವಿಸ್ತಾರವಾದ ಭೂಮಿಯನ್ನು ಕೊಂಡವನೂ ಅವನೇ. ಒಡೆತನವನ್ನು ಒಪ್ಪಿದ್ದರಿಂದಲೇ ಕೊಳ್ಳುವುದು ಸಾಧ್ಯವಾಯಿತು ಎನ್ನಬಹುದು. ಆ ಬೆಲೆ ನ್ಯಾಯವೇ ಎಂದೂ ಕೇಳಬಹುದು. ಸ್ಮಾರಕದಲ್ಲಿ ಕೃತಜ್ಞತೆಗೆ ಸ್ಥಳವಿರುವುದು ತಪ್ಪಲ್ಲ, ಆದರೆ ಈ ಎರಡು ಸಂಗತಿಗಳು ಒಂದೇ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಇರಬೇಕು.

ಅಧ್ಯಾಪಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವಾಗ ಮೊದಲು ಕನ್ನೇರಿಮುಕ್ಕಿನ ಹಟ್ಟಿಯಲ್ಲಿ ಅರ್ಧ ಗಂಟೆ ನಿಲ್ಲಿಸಿರಿ. ಹಿರಿಯರು ಒಪ್ಪಿದರೆ ಊರಿನ ಸುದ್ದಿಯನ್ನು ಅವರ ಬಾಯಿಂದಲೇ ಕೇಳಿಸಿರಿ. ಬಂಗಲೆಯನ್ನು ಆಮೇಲೆ ನೋಡಿದರಾಯಿತು.