ರಿಯೋಹಾದ ವಯಸ್ಸು, ನಮ್ಮ ಎಲೆಯ ರುಚಿ

ಮುಂಬಯಿಯ ಕೆಲವು ಕನ್ನಡಿಗರ ಮನೆಗಳಲ್ಲಿ ಈಗ ಎರಡು ತಲೆಮಾರು ಒಟ್ಟಿಗೆ ಊಟಕ್ಕೆ ಕೂತಾಗ ಮೇಜಿನ ಮೇಲೆ ಒಂದು ವೈನ್ ಬಾಟಲಿಯೂ ಬಂದು ಕೂರುತ್ತದೆ. ಊರಲ್ಲಿರುವ ನೀವು ಹುಬ್ಬೇರಿಸಬೇಡಿ. ಬಂದ ಅತಿಥಿಯ ಊರು ಕೇರಿ ವಿಚಾರಿಸೋದು ನಮ್ಮ ಹಳೇ ಅಭ್ಯಾಸ. ಹಾಗಾಗಿ ಸ್ಪೇನಿನ ಕೆಂಪು ವೈನ್ ರಿಯೋಹಾದ ಬಗ್ಗೆ ನಾಲ್ಕು ಮಾತು.

ಉತ್ತರ ಸ್ಪೇನಿನ ಎಬ್ರೋ ನದಿಯ ಆಸುಪಾಸಿನ ಸೀಮೆ ಅದು. ಮುಖ್ಯ ದ್ರಾಕ್ಷಿ ಟೆಂಪ್ರಾನಿಯೊ. ಬೇಗ ಹಣ್ಣಾಗುವುದರಿಂದ ಆ ಹೆಸರು. 19ನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸಿನ ತೋಟಗಳನ್ನು ಹಾಳುಮಾಡಿದಾಗ ಬೋರ್ಡೋದ ವ್ಯಾಪಾರಿಗಳು ಇಲ್ಲಿಗೆ ಬಂದರು. ವೈನನ್ನು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಮಾಗಿಸುವ ಪದ್ಧತಿ ಗಟ್ಟಿಯಾಗಿ ಬೇರೂರಿತು. ಅಮೆರಿಕದ ಓಕ್ ಬಳಸಿದ್ದರಿಂದ ವೆನಿಲ್ಲಾ, ಕೊಬ್ಬರಿಯ ಘಮ ಸೇರಿತು.

ಲೇಬಲ್ಲಿನ ದರ್ಜೆಗಳನ್ನು ನೋಡಿದರೆ ಬ್ಯಾಂಕಿನವನಿಗೆ ಫಿಕ್ಸೆಡ್ ಡಿಪಾಜಿಟ್ ನೆನಪಾಗುತ್ತದೆ. ಕ್ರಿಯಾಂಸಾ ಅಂದರೆ ಕನಿಷ್ಠ 2 ವರ್ಷ ಮಾಗಬೇಕು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ರಿಸೆರ್ವಾಕ್ಕೆ 3 ವರ್ಷ, ಗ್ರಾನ್ ರಿಸೆರ್ವಾಕ್ಕೆ 5 ವರ್ಷ. ಅವಧಿ ಹೆಚ್ಚಿದಂತೆ ಬೆಲೆಯೂ ಹೆಚ್ಚು.

ನನ್ನ ತಕರಾರು ಇಲ್ಲೇ ಇದೆ. ಬಡ್ಡಿಗೆ ಈ ಲೆಕ್ಕ ಸರಿ, ರುಚಿಗೆ ಸರಿಯಲ್ಲ. ಪೀಪಾಯಿಯಲ್ಲಿ ಎಷ್ಟು ದಿನ ಇತ್ತು ಎನ್ನುವ ಲೇಬಲ್ಲು, ಯಾವ ಮಣ್ಣಿನಲ್ಲಿ ಬೆಳೆಯಿತು ಅನ್ನೋದನ್ನು ಹೇಳುವುದಿಲ್ಲ. ಅಲ್ಲಿಯ ತಯಾರಕರಿಗೂ ಇದೇ ಅಸಮಾಧಾನ ಇತ್ತು. ಹೆಸರಾಂತ ಆರ್ತಾದಿ ಸಂಸ್ಥೆ 2015ರ ಕೊನೆಯಲ್ಲಿ ರಿಯೋಹಾದ ಮುದ್ರೆಯನ್ನೇ ಬಿಟ್ಟು ಹೊರಟಿತು. 2017ರಲ್ಲಿ ನಿಯಂತ್ರಣ ಮಂಡಳಿ, ಕನಿಷ್ಠ 35 ವರ್ಷದ ಬಳ್ಳಿಗಳಿರುವ ಒಂದೇ ತೋಟದ ವೈನಿಗೆ ಪ್ರತ್ಯೇಕ ದರ್ಜೆ ಒಪ್ಪಿತು. ತಡವಾಯಿತು, ಆದರೆ ಆಯಿತಲ್ಲ.

ಇನ್ನು ಊಟ. ಕೆಂಪು ವೈನಿಗೆ ಮಾಂಸವೇ ಜೋಡಿ ಅಂತ ಪುಸ್ತಕಗಳು ಹೇಳುತ್ತವೆ. ಕಾರಣ ಇಲ್ಲದಿಲ್ಲ: ವೈನಿನ ಒಗರನ್ನು ಮಾಂಸದ ಪ್ರೋಟೀನು, ಕೊಬ್ಬು ಮೆದುಮಾಡುತ್ತವೆ. ರಿಯೋಹಾದ ಜನ ಒಣಗಿದ ದ್ರಾಕ್ಷಿ ಕಡ್ಡಿಗಳ ಕೆಂಡದ ಮೇಲೆ ಕುರಿಮರಿಯ ಪಕ್ಕೆಲುಬು ಸುಡುತ್ತಾರೆ. ಆದರೆ ಅವರದೇ ಇನ್ನೊಂದು ಅಡಿಗೆ ಆಲೂಗಡ್ಡೆಯ ಗಟ್ಟಿ ಸಾರು. ಆಲೂಗಡ್ಡೆಯನ್ನು ಪೂರ್ತಿ ಕತ್ತರಿಸದೆ, ಚಾಕು ಸ್ವಲ್ಪ ಇಳಿಸಿ ಮುರಿಯುತ್ತಾರೆ. ಹಿಟ್ಟಿನಂಶ ಬಿಟ್ಟು ಸಾರು ಮಂದವಾಗಲಿ ಅಂತ. ಚೊರಿಸೊ ಎಂಬ ಹಂದಿಮಾಂಸದ ಸಾಸೇಜು, ಜೊತೆಗೆ ಖಾರಕ್ಕಿಂತ ಬಣ್ಣವೇ ಹೆಚ್ಚಿರುವ ಒಣಮೆಣಸು. ಇಂಥ ಊಟಕ್ಕೆ ಎಳೆಯ ಕ್ರಿಯಾಂಸಾ ಸಾಕು. ಗ್ರಾನ್ ರಿಸೆರ್ವಾ ಇಟ್ಟರೆ ಅದರ ನಾಜೂಕು ಸಾರಿನಲ್ಲಿ ಮುಳುಗಿ ಹೋಗುತ್ತದೆ.

ಬಣ್ಣ ಹೆಚ್ಚು, ಖಾರ ಕಡಿಮೆ ಅಂದ ಕೂಡಲೇ ನಿಮಗೆ ಬ್ಯಾಡಗಿ ನೆನಪಾಗಿರಬೇಕು. ಹೌದು, ಜೋಡಿಯ ಗುಟ್ಟು ಅದೇ. ಆಲ್ಕೋಹಾಲು ಖಾರದ ಉರಿಯನ್ನು ಹೆಚ್ಚಿಸುತ್ತದೆ. ಗುಂಟೂರು ಮೆಣಸಿನ ಸಾರಿನ ಮುಂದೆ ರಿಯೋಹಾ ಬರೀ ಉರಿ, ಒಗರು. ಹುಣಸೆಹುಳಿಯ ಮುಂದೆ ಅದರ ಹಣ್ಣಿನ ರುಚಿಯೇ ಕಾಣುವುದಿಲ್ಲ. ಬ್ಯಾಡಗಿ ಹಾಕಿದ ಆಲೂಗಡ್ಡೆ, ಕೆಂಡದಲ್ಲಿ ಸುಟ್ಟ ಬದನೆಕಾಯಿ, ತುಪ್ಪದಲ್ಲಿ ಹುರಿದ ಅಣಬೆ ಇದ್ದರೆ ಸಸ್ಯಾಹಾರಿಯ ತಟ್ಟೆಗೂ ಅದು ಒಗ್ಗುತ್ತದೆ ನೋಡ್ರಿ.

ಇಷ್ಟು ಹೇಳುವುದಕ್ಕೆ ಕಾರಣ ಇದೆ. ಪರಊರಲ್ಲಿ ಮಕ್ಕಳು ಕಲಿಯುವ ಹೊಸ ಶಿಷ್ಟಾಚಾರ ಮೊದಲು ಹೊರಗೆ ಹಾಕುವುದು ಮನೆಯ ಅಡಿಗೆಯನ್ನು. ವೈನ್ ಬಂತು ಅಂದರೆ ಹುಳಿ ಒಳಗೆ, ಚೀಸು ಮೇಜಿನ ಮೇಲೆ. ಅಜ್ಜಿ ಬೇರೆ ಕೋಣೆಯಲ್ಲಿ ಊಟ. ರಿಯೋಹಾ ತನ್ನ ಊರಿನಲ್ಲಿ ಹೀಗೆ ಬೆಳೆದದ್ದಲ್ಲ. ಅದು ರೈತರ ಆಲೂಗಡ್ಡೆ ಸಾರಿನ ಪಕ್ಕದಲ್ಲೇ ಕೂತು ದೊಡ್ಡದಾಯಿತು. ಹುಳಿಯ ಜೊತೆ ಒಗ್ಗದಿದ್ದರೆ ಆ ದಿನ ಬಾಟಲಿ ಕಪಾಟಿನಲ್ಲಿರಲಿ. ಐದು ವರ್ಷ ಕಾದದ್ದು ಇನ್ನೊಂದು ವಾರ ಕಾಯಲಾರದೇ?