ಇನ್ನೊಂದು ವರ್ಷ ಸಣ್ಣ ಲೀಗಿನಲ್ಲಿ

‘ಫೀಲ್ಡ್ ಆಫ್ ಡ್ರೀಮ್ಸ್’ ಎಂಬ ಅಮೆರಿಕನ್ ಸಿನಿಮಾವನ್ನು ಹೊಗಳದವರು ಕಡಿಮೆ. 1989ರಲ್ಲಿ ಬಂದ ಆ ಚಿತ್ರ ನೋಡಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬಳು. ಆದರೂ ಅದರಲ್ಲಿ ಬರುವ ಮುದುಕ ಡಾಕ್ಟರೊಬ್ಬ ಆಡುವ ಒಂದು ಮಾತಿನ ಬಗ್ಗೆ ನನಗೆ ತಕರಾರಿದೆ. ಆ ತಕರಾರನ್ನು ಹೇಳಿಕೊಳ್ಳದೆ ಈ ಚಿತ್ರವನ್ನು ಹೊಗಳಲು ನನ್ನಿಂದಾಗದು.

ಬೇಸ್‌ಬಾಲ್ ನಮಗೆ ಅಪರಿಚಿತ ಆಟ. ಈ ಬರಹಕ್ಕೆ ಬೇಕಾದಷ್ಟನ್ನು ಮಾತ್ರ ಹೇಳಿಬಿಡುತ್ತೇನೆ. ಒಂದು ತಂಡದಲ್ಲಿ ಒಂಬತ್ತು ಜನ. ಅವರಲ್ಲಿ ಮೂವರು ಮೈದಾನದ ದೂರದ ಹುಲ್ಲಿನಲ್ಲಿ, ಎತ್ತರಕ್ಕೆ ಬರುವ ಚೆಂಡಿಗಾಗಿ ಕಾಯುತ್ತ ನಿಲ್ಲುತ್ತಾರೆ. ಅವರೇ ಔಟ್‌ಫೀಲ್ಡರುಗಳು. ಅಮೆರಿಕದ ದೊಡ್ಡ ನಗರಗಳ ತಂಡಗಳು ಸೇರಿದ್ದು ಮೇಜರ್ ಲೀಗು. ಅದರ ಕೆಳಗೆ, ಸಣ್ಣ ಸಣ್ಣ ಊರುಗಳ ತಂಡಗಳು ಆಡುವ ಮೈನರ್ ಲೀಗುಗಳು. ಅಲ್ಲಿ ಆಡುವವರೂ ಸಂಬಳ ಪಡೆಯುವ ವೃತ್ತಿಯ ಆಟಗಾರರೇ. ಆದರೆ ಲೋಕ ಲೆಕ್ಕಕ್ಕೆ ಹಿಡಿಯುವುದು ಮೇಲಿನವರನ್ನು ಮಾತ್ರ.

ಆರ್ಚಿಬಾಲ್ಡ್ ಗ್ರಹಾಂ ನಿಜವಾಗಿ ಬದುಕಿದ್ದ ಮನುಷ್ಯ. ಜನ ಅವನನ್ನು ‘ಮೂನ್‌ಲೈಟ್’ ಎಂದು ಕರೆಯುತ್ತಿದ್ದರು. ಬೆಳದಿಂಗಳು! ಎಷ್ಟು ಚೆಂದದ ಅಡ್ಡಹೆಸರು. 1905ರ ಜೂನ್ 29ರಂದು ನ್ಯೂಯಾರ್ಕ್ ಜೈಂಟ್ಸ್ ತಂಡ ಬ್ರೂಕ್ಲಿನ್ನಿನ ತಂಡವನ್ನು 11–1ರಿಂದ ಸೋಲಿಸಿತು. ಗೆಲುವು ಖಾತ್ರಿಯಾದ ಮೇಲೆ, ಆಟದ ಕೊನೆಗೆ, ಗ್ರಹಾಂನನ್ನು ಬಲಗಡೆಯ ಔಟ್‌ಫೀಲ್ಡಿಗೆ ಕಳಿಸಿದರು. ಅವನ ಬ್ಯಾಟಿಂಗ್ ಸರದಿ ಬರಲು ಇನ್ನೊಬ್ಬನಷ್ಟೇ ಬಾಕಿ. ಅವನು ಬ್ಯಾಟು ಹಿಡಿದು ಕಾಯುತ್ತಿದ್ದಾಗ ಮುಂದಿನವನು ಔಟಾದ, ತಂಡದ ಸರದಿಯೇ ಮುಗಿಯಿತು. ಗ್ರಹಾಂ ಮತ್ತೆಂದೂ ಮೇಜರ್ ಲೀಗಿನಲ್ಲಿ ಆಡಲಿಲ್ಲ. ಬೇಸ್‌ಬಾಲ್ ವಿಶ್ವಕೋಶದಲ್ಲಿ ಅವನದು ಒಂದು ಸಾಲು: ಒಂದು ಆಟ, ಬ್ಯಾಟಿಂಗ್ ಸೊನ್ನೆ. ಆ ಸಾಲು ಡಬ್ಲ್ಯು. ಪಿ. ಕಿನ್ಸೆಲ್ಲಾ ಎಂಬ ಕೆನಡಾದ ಲೇಖಕನ ಕಣ್ಣಿಗೆ ಬಿತ್ತು. 1982ರ ಅವನ ಕಾದಂಬರಿ ‘ಶೂಲೆಸ್ ಜೋ’ದಲ್ಲಿ ಗ್ರಹಾಂ ಒಂದು ಪಾತ್ರವಾದ. ಅಲ್ಲಿಂದ ಸಿನಿಮಾಕ್ಕೆ ಬಂದ.

ಸಿನಿಮಾದ ಕತೆ ನಿಮಗೆ ಗೊತ್ತಿರಬಹುದು. ಅಯೋವಾದ ರೈತನೊಬ್ಬ ಯಾವುದೋ ದನಿ ಕೇಳಿ, ಬೆಳೆದು ನಿಂತ ಜೋಳವನ್ನು ಉತ್ತು ಬೇಸ್‌ಬಾಲ್ ಮೈದಾನ ಮಾಡುತ್ತಾನೆ. ಸತ್ತುಹೋದ ಆಟಗಾರರು ಅಲ್ಲಿ ಬಂದು ಆಡುತ್ತಾರೆ. (ಗಂಡ ಬೆಳೆ ಉತ್ತು ಹಾಕಿದ ಮೇಲೆ ಮನೆಯ ಲೆಕ್ಕ ಬರೆದು, ಈ ವರ್ಷ ಹೇಗೆ ತೂಗಿಸುವುದೆಂದು ತಲೆಕೆಡಿಸಿಕೊಳ್ಳುವವಳು ಹೆಂಡತಿ ಆನಿ. ಆ ದನಿ ಅವಳಿಗೇಕೆ ಕೇಳಿಸಲಿಲ್ಲವೋ!) ರೈತ ಗ್ರಹಾಂನನ್ನು ಹುಡುಕಿಕೊಂಡು ಮಿನೆಸೋಟದ ಚಿಜಮ್ ಎಂಬ ಊರಿಗೆ ಹೋಗಿ, ಒಂದು ರಾತ್ರಿ ಹೇಗೋ 1972ನೇ ಇಸವಿಯೊಳಕ್ಕೆ ನಡೆದುಬಿಡುತ್ತಾನೆ. ಅಲ್ಲಿ ಛತ್ರಿ ಹಿಡಿದ ಮುದುಕ ಡಾಕ್ಟರಾಗಿ ಬರ್ಟ್ ಲ್ಯಾಂಕಾಸ್ಟರ್ ಎದುರಾಗುತ್ತಾನೆ. ಎಂಥ ನಟ! ಬ್ಯಾಟು ಹಿಡಿಯುವ ಆಸೆಯನ್ನು ಅವನು ಹೇಳಿಕೊಳ್ಳುವಾಗ ಆ ಮುಖದಲ್ಲಿ ಇಪ್ಪತ್ತರ ಹುಡುಗ ಒಮ್ಮೆ ಇಣುಕಿ ಮರೆಯಾಗುತ್ತಾನೆ. ಐದು ನಿಮಿಷದ ಆಟ ಕೈತಪ್ಪಿದ್ದು ದುರಂತವಲ್ಲ, ಐದೇ ನಿಮಿಷ ಡಾಕ್ಟರಾಗಿದ್ದರೆ ಅದು ದುರಂತವಾಗುತ್ತಿತ್ತು ಎಂಬ ಅರ್ಥದ ಮಾತನ್ನು ಅವನ ಬಾಯಿಂದ ಕೇಳಿದವರು ಮರೆಯಲಾರರು.

ಅದೇ ದೃಶ್ಯದಲ್ಲಿದೆ ನನ್ನ ತಕರಾರಿನ ಮಾತು. ಇನ್ನೊಂದು ವರ್ಷ ಮೈನರ್ ಲೀಗಿನಲ್ಲಿ ಕಳೆಯುವುದನ್ನು ಸಹಿಸಲಾರದೆ ಆಟವನ್ನೇ ಬಿಟ್ಟೆ ಎನ್ನುತ್ತಾನೆ ಡಾಕ್ಟರು. ಸಿನಿಮಾ ಆ ಏಕೈಕ ಆಟವನ್ನು 1905ರಿಂದ 1922ಕ್ಕೆ ತಂದು, ಋತುವಿನ ಕಡೆಯ ದಿನಕ್ಕೆ ಇಟ್ಟಿದೆ. 1965ರಲ್ಲಿ ತೀರಿಕೊಂಡವನನ್ನು 1972ರವರೆಗೆ ಬದುಕಿಸಿದೆ. ಅದೆಲ್ಲ ಕತೆಗಾರನ ಸ್ವಾತಂತ್ರ್ಯ, ಇರಲಿ. ಆದರೆ ನಿಜವಾದ ಗ್ರಹಾಂ ಮಾಡಿದ್ದೇನು? ನ್ಯೂಯಾರ್ಕಿಗೆ ಬರುವ ಮುಂಚೆಯೇ ಅವನು ಷಾರ್ಲಟ್, ನಾಶುವಾ ಮುಂತಾದ ಊರುಗಳ ತಂಡಗಳಲ್ಲಿ ಆಡಿದ್ದ. ಜೈಂಟ್ಸ್ ತಂಡ ಬಿಟ್ಟ ಮೇಲೆ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಎಂಬ ಊರಿನ ತಂಡ ಸೇರಿದ. ಮರುವರ್ಷ, 1906ರಲ್ಲಿ, ಅವನ ಬ್ಯಾಟಿಂಗ್ ಸರಾಸರಿ .336. ಅಂದರೆ ಮೂರು ಸಲ ಬ್ಯಾಟು ಹಿಡಿದರೆ ಒಂದು ಸಲವಾದರೂ ಕೈಗೂಡುವಂಥ ಆಟ. ಆ ಲೀಗಿಗೆಲ್ಲ ಅವನೇ ಮೊದಲಿಗ. 1908ರವರೆಗೆ ಅಲ್ಲಿಯೇ ಆಡಿದ. ಈ ನಡುವೆಯೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಓದಿ ಮುಗಿಸಿದ.

ಇದು ‘ಸಹಿಸಲಾರದ’ ಮನುಷ್ಯನ ನಡೆಯೇ? ಓದೂ ಆಟವೂ ಒಟ್ಟಿಗೆ ಸಾಗಿದ, ಏಳು ವರ್ಷಗಳ ತುಂಬು ವೃತ್ತಿಜೀವನ ಇದು. ಸ್ಕ್ರಾಂಟನ್ನಿನ ಗ್ಯಾಲರಿಯಲ್ಲಿ ಕುಳಿತವರಿಗೆ ಅವನು ಬ್ಯಾಟು ಹಿಡಿಯದೆ ಹೋದ ನತದೃಷ್ಟನಾಗಿರಲಿಲ್ಲ. ತಮ್ಮ ಊರಿನ ಅತ್ಯುತ್ತಮ ಬ್ಯಾಟುಗಾರನಾಗಿದ್ದ. ವಿಶ್ವಕೋಶ ಆ ನೂರಾರು ಆಟಗಳನ್ನು ಎಣಿಸದೆ ಒಂದನ್ನು ಮಾತ್ರ ಎಣಿಸಿತು. ಸಿನಿಮಾ ಆ ಎಣಿಕೆಯನ್ನೇ ನಂಬಿ, ಅದರ ಮೇಲೆ ಮರುಕಪಟ್ಟಿತು. ಸಣ್ಣ ಊರಿನಲ್ಲಿದ್ದುಕೊಂಡು ಬರೆಯುವ ನನ್ನಂಥವಳನ್ನು ‘ದೊಡ್ಡ ಪತ್ರಿಕೆಯಲ್ಲಿ ಯಾವಾಗ ಬಂದಿತ್ತು?’ ಎಂದು ಕೇಳುವವರಿದ್ದಾರೆ. ಅವರ ದನಿಯಲ್ಲೂ ಇದೇ ಮರುಕ. ಬೈದರಾದರೂ ತಿರುಗಿ ಉತ್ತರ ಕೊಡಬಹುದು, ಮರುಕಕ್ಕೆ ಏನು ಕೊಡುವುದು?

ಮೈನರ್ ಲೀಗಿನ ಬಗ್ಗೆ ಸಿನಿಮಾಕ್ಕೆ ಪ್ರೀತಿಯೇ ಇಲ್ಲವೆಂದಲ್ಲ. ದಾರಿಯಲ್ಲಿ ರೈತನ ವ್ಯಾನು ಹತ್ತುವ ಹುಡುಗ ಗ್ರಹಾಂ, ಹಗಲಿಗೊಂದು ಕೆಲಸ ಕೊಡಿಸಿ ರಾತ್ರಿ ಮತ್ತು ರಜಾದಿನಗಳಲ್ಲಿ ಆಡಿಸುವ ಊರುಗಳಿವೆಯಂತೆ ಎಂದು ಕಣ್ಣರಳಿಸಿ ಹೇಳುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತದು. ಆದರೆ ವ್ಯಾನು ನೇರ ಮಾಯಾ ಮೈದಾನಕ್ಕೆ ಹೋಗಿ ನಿಲ್ಲುತ್ತದೆ, ಅಂಥ ಒಂದು ಊರನ್ನೂ ನಾವು ಕಾಣುವುದಿಲ್ಲ. ಅಲ್ಲಿ ಹುಡುಗ ಕಡೆಗೂ ಬ್ಯಾಟು ಹಿಡಿದು ಚೆಂಡನ್ನು ಎತ್ತರಕ್ಕೆ ಹೊಡೆಯುತ್ತಾನೆ. ಅದು ಕ್ಯಾಚಾಗುತ್ತದೆ, ಅಷ್ಟರಲ್ಲಿ ಜೊತೆಗಾರ ಓಡಿ ಒಂದು ರನ್ನು ತರುತ್ತಾನೆ. ಇಂಥ ಹೊಡೆತಕ್ಕೆ ‘ತ್ಯಾಗ’ದ ಹೊಡೆತವೆಂದೇ ಹೆಸರು. ಈಗಿನ ನಿಯಮದಂತೆ ಸರಾಸರಿಯ ಲೆಕ್ಕದಲ್ಲಿ ಅದನ್ನು ಬ್ಯಾಟಿಂಗ್ ಎಂದು ಹಿಡಿಯುವುದಿಲ್ಲ. ಅಷ್ಟೆಲ್ಲ ಮಾಯ ಮಾಡಿಯೂ ಆ ಕಾಲಮ್ಮಿನ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ!

ಆಮೇಲೆ ರೈತನ ಪುಟ್ಟ ಮಗಳು ಗಂಟಲಲ್ಲಿ ತಿಂಡಿ ಸಿಕ್ಕಿ ಉಸಿರುಗಟ್ಟಿದಾಗ ಹುಡುಗ ಮೈದಾನದ ಗೆರೆ ದಾಟಿ ಮುದುಕ ಡಾಕ್ಟರಾಗುತ್ತಾನೆ, ಮತ್ತೆ ಹುಡುಗನಾಗಲಾರ. ಒಪ್ಪತಕ್ಕ ದೃಶ್ಯ. ಆದರೆ ಡಾಕ್ಟರಿಕೆಗಾಗಿ ಆಟವನ್ನು ಬಲಿಕೊಟ್ಟನೆಂಬ ಭಾವ ಮತ್ತೆ ಅಲ್ಲಿ ನುಸುಳುತ್ತದೆ.

ಅವನ ಹೆಂಡತಿ ಅಲಿಸಿಯಾ ತೆರೆಯ ಮೇಲೆ ಬರುವುದೇ ಇಲ್ಲ. ತಡವಾದರೆ ಅವಳು ಸಂಶಯಪಟ್ಟಾಳೆಂದು ಡಾಕ್ಟರು ತಮಾಷೆ ಮಾಡುತ್ತಾನೆ. ಅವಳಿಗೆಂದು ಕೊಂಡು, ಕೊಡಲಾಗದೆ ಉಳಿದ ನೀಲಿ ಹ್ಯಾಟುಗಳು ಅವನ ಆಫೀಸಿನಲ್ಲಿ ಪೆಟ್ಟಿಗೆಗಟ್ಟಲೆ ಸಿಕ್ಕವೆಂದು ಊರವರು ನೆನೆಯುತ್ತಾರೆ. ನೋಡುವವರಿಗೆ ಇದು ಮುದ್ದಾಗಿ ಕಾಣುತ್ತದೆ. ನನಗೋ, ಅಷ್ಟು ಹ್ಯಾಟು ಕೊಳ್ಳಲು ಬಿಡುವಿದ್ದವನಿಗೆ ಮನೆಗೆ ಒಯ್ಯಲು ಬಿಡುವಾಗಲಿಲ್ಲವೇ ಎನ್ನಿಸಿತು.

ಚಿಜಮ್ ಕಬ್ಬಿಣದ ಅದಿರಿನ ಗಣಿಯೂರು. 1908ರಲ್ಲಿ ಬೆಂಕಿಗೆ ಸುಟ್ಟು ಮತ್ತೆ ಕಟ್ಟಿಕೊಳ್ಳುತ್ತಿದ್ದ ಆ ಊರಿಗೆ ಮರುವರ್ಷ ಬಂದ ಗ್ರಹಾಂ, ಶಾಲಾ ಡಾಕ್ಟರಾಗಿ ದಶಕಗಳ ಕಾಲ ಅಲ್ಲಿಯೇ ದುಡಿದ. ಗಣಿಯವರ ಮಕ್ಕಳಿಗೆ ಸದ್ದಿಲ್ಲದೆ ಕನ್ನಡಕ ಕೊಡಿಸಿದ. ಐದರಿಂದ ಹದಿನಾರು ವಯಸ್ಸಿನ ಮಕ್ಕಳ ರಕ್ತದೊತ್ತಡದ ಬಗ್ಗೆ ಅವನೂ ಇನ್ನಿಬ್ಬರೂ ಸೇರಿ ಬರೆದ ಲೇಖನ 1945ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಗ ಮಕ್ಕಳ ರಕ್ತದೊತ್ತಡವನ್ನು ಹೀಗೆ ಕೂತು ಅಳೆದವರು ವಿರಳ.

ಇಷ್ಟನ್ನೂ ಆ ಊರಿನ ಕಣ್ಣಿನಿಂದ ನೋಡಿ ಬರೆದಿಟ್ಟವಳು ಒಬ್ಬ ಹೆಂಗಸು. ವೇದಾ ಪೊನಿಕ್ವಾರ್ ಎಂದು ಹೆಸರು. 1947ರಲ್ಲಿ ‘ಚಿಜಮ್ ಫ್ರೀ ಪ್ರೆಸ್’ ಪತ್ರಿಕೆ ಆರಂಭಿಸಿ ನಡೆಸಿದವಳು. 1965ರಲ್ಲಿ ಗ್ರಹಾಂ ತೀರಿಕೊಂಡಾಗ ಅವಳು ಸಂಪಾದಕೀಯ ಬರೆದಳು. ಆ ಊರಿಗೆ ಅವನು ಏನಾಗಿದ್ದನೆಂಬುದೇ ಅದರ ಹೂರಣ. ಸಿನಿಮಾದಲ್ಲಿ ಪತ್ರಿಕಾ ಕಚೇರಿಯ ಮುದುಕಿಯೊಬ್ಬಳು ಓದುವುದು ಅದರಿಂದಲೇ ಆಯ್ದ ಸಾಲುಗಳನ್ನು. ಆ ಸಾಲುಗಳಲ್ಲಿ ಮರುಕದ ಸುಳಿವಿಲ್ಲ. ಬರೆದವಳು ವೇದಾ ಎಂದು ಸಿನಿಮಾ ನೋಡುವವರಿಗೆ ತಿಳಿಯುವುದೂ ಇಲ್ಲ. ಎರಡನೇ ಸಲ ನೋಡುವಾಗ ನಾನು ಮಾಯಾ ಮೈದಾನಕ್ಕಾಗಿ ಕಾಯಲಿಲ್ಲ. ಆ ಕಚೇರಿಯ ದೃಶ್ಯವನ್ನೇ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದೆ.